ಗೆದ್ದ ತಂಡವೇ ಬಾಗಿಲು ಮುಚ್ಚುವುದೇಕೆ?

ಓದುಗರ ಪ್ರಶ್ನೆ:

"ಕೆಲವು ವರ್ಷಗಳಿಂದ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ತಪ್ಪದೆ ನೋಡುತ್ತಿದ್ದೇನೆ. 2024ರಲ್ಲಿ ಎರಿಟ್ರಿಯಾದ ಬಿನಿಯಮ್ ಗಿರ್ಮೈ ಮೂರು ಹಂತ (ದಿನದ ಓಟ) ಗೆದ್ದು, ಅತಿ ಹೆಚ್ಚು ಅಂಕ ಗಳಿಸಿದವರ ಹಸಿರು ಜೆರ್ಸಿ ತೊಟ್ಟ ಮೇಲೆ ಅವರ ಇಂಟರ್‌ಮಾರ್ಷೆ–ವಾಂಟಿ ನನ್ನ ತಂಡವಾಯಿತು. ಮರುವರ್ಷ ಮುಗಿಯುವಷ್ಟರಲ್ಲಿ ಆ ತಂಡವೇ ಇರಲಿಲ್ಲ. ಅದು ಲೊಟ್ಟೊ ತಂಡದ ಜೊತೆ ವಿಲೀನವಾಯಿತು, ಗಿರ್ಮೈ ಬೇರೆ ಕಡೆ ಹೋದರು. ಅದೇ ವರ್ಷ ಫ್ರಾನ್ಸಿನ ಅರ್ಕೆಯಾ ತಂಡವೂ ಮುಚ್ಚಿತು. ಲಕ್ಷಾಂತರ ಜನ ರಸ್ತೆ ಬದಿ ನಿಂತು ನೋಡುವ ಆಟದಲ್ಲಿ ಹೀಗೇಕೆ? ಟೂರ್ ನಡೆಸುವವರು ಟಿವಿ ಹಣವನ್ನೆಲ್ಲ ತಾವೇ ಇಟ್ಟುಕೊಳ್ಳುವುದೇ ಕಾರಣ ಎನ್ನುತ್ತಾನೆ ಒಬ್ಬ ಗೆಳೆಯ. ಉದ್ದೀಪನ ಮದ್ದಿನ ಹಗರಣಗಳಿಂದ ಪ್ರಾಯೋಜಕರು ಓಡಿಹೋದರು ಎನ್ನುತ್ತಾನೆ ಇನ್ನೊಬ್ಬ. ಈಗ ಕೊಲ್ಲಿ ರಾಷ್ಟ್ರಗಳ ಹಣ ಬಂದಿದೆ, ಸೌದಿ ಬಂಡವಾಳದಲ್ಲಿ ಹೊಸ ಲೀಗ್ ಬರುತ್ತದೆ ಎಂದೂ ಓದಿದೆ. ಇವುಗಳಲ್ಲಿ ಯಾವುದು ನಿಜ, ಪರಿಹಾರ ಯಾವುದು? ಒಂದು ತಂಡವನ್ನು ಮೆಚ್ಚಿಕೊಳ್ಳುವ ಮೊದಲು ಅದು ಉಳಿಯುತ್ತದೋ ಇಲ್ಲವೋ ತಿಳಿಯುವ ದಾರಿ ಇದೆಯೇ?"

ಉತ್ತರ:

ಕ್ರೀಡಾ ಪ್ರಾಯೋಜಕತ್ವದ ಒಪ್ಪಂದಗಳನ್ನು ಓದಿ ಸಲಹೆ ಕೊಡುವುದು ನನ್ನ ವೃತ್ತಿ. ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಅಭಿಮಾನಿಗಳು ಕೇಳುತ್ತಾರೆ, ಹಣ ಹಾಕಲು ಹೊರಟ ಕಂಪನಿಯವರೂ ಕೇಳುತ್ತಾರೆ. ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಇಬ್ಬರೂ ಬೇರನ್ನು ಮುಟ್ಟಿಲ್ಲ.

ಸೋತ ತಂಡ ಮುಚ್ಚುವುದು ಯಾರಿಗೂ ವಿಚಿತ್ರವಲ್ಲ. ಸೈಕ್ಲಿಂಗ್‌ನಲ್ಲಿ ಗೆದ್ದವರೂ ಉಳಿಯುವುದಿಲ್ಲ. 2023ರಲ್ಲಿ ಯುಂಬೊ–ವಿಸ್ಮಾ ತಂಡ ಮೂರು ವಾರಗಳ ಮೂರೂ ಮಹಾ ಟೂರ್‌ಗಳನ್ನು ಗೆದ್ದಿತು: ಇಟಲಿಯ ಜಿರೊ ಪ್ರಿಮೊಜ್ ರೊಗ್ಲಿಚ್ ಅವರದು, ಫ್ರಾನ್ಸಿನ ಟೂರ್ ಯೋನಾಸ್ ವಿಂಗೆಗೊ ಅವರದು, ಸ್ಪೇನಿನ ವುಯೆಲ್ಟಾ ಸೆಪ್ ಕುಸ್ ಅವರದು. ಒಂದೇ ತಂಡ ಒಂದೇ ವರ್ಷದಲ್ಲಿ ಈ ಮೂರನ್ನೂ ಗೆದ್ದದ್ದು ಅದೇ ಮೊದಲು. ವುಯೆಲ್ಟಾ ಮುಗಿದ ಬೆನ್ನಿಗೇ ಆ ತಂಡ ಸೌಡಲ್–ಕ್ವಿಕ್‌ಸ್ಟೆಪ್ ಜೊತೆ ವಿಲೀನದ ಮಾತುಕತೆಗೆ ಕೂತಿತ್ತು, ಏಕೆಂದರೆ ಮುಖ್ಯ ಪ್ರಾಯೋಜಕ ಯುಂಬೊ ಸೂಪರ್‌ಮಾರ್ಕೆಟ್ ಹೊರಡುವುದು ಖಚಿತವಾಗಿತ್ತು. ವಿಲೀನ ಕೊನೆಗೆ ಮುರಿದುಬಿತ್ತು, ಲೀಸ್ ಎ ಬೈಕ್ ಕಂಪನಿ ಕೈಹಿಡಿಯಿತು. ಆದರೂ ಆಟದ ಶಿಖರದಲ್ಲಿದ್ದ ತಂಡ ಮುಂದಿನ ಜನವರಿಗೆ ಯಾವ ಹೆಸರಿನಲ್ಲಿ ಇರುತ್ತೇವೆ ಎಂದು ತಿಳಿಯದೆ ಇತ್ತು ಎಂಬುದನ್ನು ಮರೆಯಬಾರದು.

ಕಾರಣ ಒಂದೇ ಸಾಲಿನದು: ತಂಡಕ್ಕೆ ಸ್ವಂತದ್ದು ಎಂಬುದು ಏನೂ ಇಲ್ಲ. ಫುಟ್‌ಬಾಲ್ ಕ್ಲಬ್‌ಗೆ ಕ್ರೀಡಾಂಗಣವಿದೆ, ಟಿಕೆಟ್ ಇದೆ, ಪ್ರಸಾರದ ಪಾಲಿದೆ, ಆಟಗಾರನನ್ನು ಬಿಟ್ಟುಕೊಟ್ಟರೆ ವರ್ಗಾವಣೆ ಶುಲ್ಕ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನೂರು ವರ್ಷ ಉಳಿಯುವ ಹೆಸರಿದೆ. ಸೈಕಲ್ ತಂಡಕ್ಕೆ ರಸ್ತೆ ಸರ್ಕಾರದ್ದು, ಸ್ಪರ್ಧೆ ಆಯೋಜಕರದ್ದು, ಪ್ರಸಾರ ಹಕ್ಕೂ ಅವರದೇ, ಹೆಸರು ಪ್ರಾಯೋಜಕರದ್ದು. ಸವಾರರು ಒಪ್ಪಂದ ಮುಗಿದ ದಿನ ಹೊರಟರೆ ತಂಡದ ಕೈಗೆ ಒಂದು ಯೂರೋ ಬರುವುದಿಲ್ಲ. ಉಳಿಯುವುದು ಬಸ್ಸು, ಲಾರಿ, ಒಂದಿಷ್ಟು ಕಾರು, ಆಡಳಿತ ನಡೆಸುವ ಪುಟ್ಟ ಕಂಪನಿ, ಮತ್ತು ಸ್ವಿಟ್ಜರ್‌ಲ್ಯಾಂಡಿನ ಎಗ್ಲ್ ಪಟ್ಟಣದಲ್ಲಿರುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದರೆ ಯುಸಿಐ, ಮೂರು ವರ್ಷಕ್ಕೆ ಕೊಡುವ ಪರವಾನಗಿ.

ಇದು ಹುಟ್ಟಿನಿಂದಲೇ ಬಂದದ್ದು. 1903ರಲ್ಲಿ ಟೂರ್ ಶುರುವಾದದ್ದು ಲೋಟೊ (L'Auto) ಎಂಬ ಪತ್ರಿಕೆಯ ಪ್ರಸಾರ ಹೆಚ್ಚಿಸಲು. ಇಟಲಿಯಲ್ಲಿ ಗಜೆಟ್ಟಾ ಡೆಲ್ಲೊ ಸ್ಪೋರ್ಟ್ 1909ರಲ್ಲಿ ಜಿರೊ ಆರಂಭಿಸಿದ್ದೂ ಅದೇ ಲೆಕ್ಕಾಚಾರದಲ್ಲಿ. ಆಟ ಪತ್ರಿಕೆಯ ಆಸ್ತಿ, ಸವಾರ ಸೈಕಲ್ ಕಂಪನಿಯ ಜಾಹೀರಾತು. ಟೂರ್ ಕಟ್ಟಿದ ಆನ್ರಿ ದೆಗ್ರಾಂಜ್ ಅವರಿಗೆ ಈ ಕಂಪನಿ ತಂಡಗಳ ಹಿಡಿತ ಎಷ್ಟು ಬೇಸರ ತಂದಿತೆಂದರೆ, 1930ರಲ್ಲಿ ಅವರು ಅವನ್ನೆಲ್ಲ ಕಿತ್ತುಹಾಕಿ ದೇಶಗಳ ತಂಡ ತಂದರು. ಆ ಖರ್ಚು ತುಂಬಲು ಸ್ಪರ್ಧೆಯ ಮುಂದೆ ಜಾಹೀರಾತು ವಾಹನಗಳ ಸಾಲು ಹೊರಡಿಸಿದರು, ಅದು ಇಂದಿಗೂ ಹೊರಡುತ್ತದೆ. ಕಂಪನಿ ತಂಡಗಳು 1962ರಲ್ಲಿ ಮರಳಿದವು. ಅಷ್ಟರಲ್ಲಿ ಸೈಕಲ್ ಉದ್ಯಮ ಕುಸಿದಿತ್ತು, 1954ರಲ್ಲೇ ಫಿಯೊರೆಂಜೊ ಮಾಗ್ನಿ ನಿವಿಯಾ ಕ್ರೀಮಿನ ಹೆಸರು ಹೊತ್ತು ಓಡಿಸಿ ಹೊರಗಿನ ಹಣಕ್ಕೆ ದಾರಿ ತೆರೆದಿದ್ದರು. ಅಂದಿನಿಂದ ತಂಡ ಎಂದರೆ ಯಾರೋ ಒಬ್ಬರ ಮಾರ್ಕೆಟಿಂಗ್ ವಿಭಾಗದ ಒಂದು ಸಾಲು. ಆ ವಿಭಾಗದ ಮುಖ್ಯಸ್ಥ ಬದಲಾದರೆ ಸಾಲಿಗೆ ಕತ್ತರಿ ಬೀಳುತ್ತದೆ.

ಒಪ್ಪಂದ ಹೇಗೆ ಕೆಲಸ ಮಾಡುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಸಾಮಾನ್ಯ ಅವಧಿ ಎರಡರಿಂದ ನಾಲ್ಕು ವರ್ಷ. ಕೊನೆಯ ವರ್ಷದ ವಸಂತದಲ್ಲಿ ನವೀಕರಣದ ಮಾತು ಶುರುವಾಗಬೇಕು. ಕಂಪನಿ "ಟೂರ್ ಮುಗಿಯಲಿ, ನೋಡೋಣ" ಎನ್ನುತ್ತದೆ. ಟೂರ್ ಮುಗಿಯುವುದು ಜುಲೈ ಕೊನೆಗೆ. ನಿಯಮದ ಪ್ರಕಾರ ಸವಾರರ ವರ್ಗಾವಣೆಯ ಬಾಗಿಲು ತೆರೆಯುವುದು ಆಗಸ್ಟ್ 1ಕ್ಕೆ, ಆದರೆ ಏಜೆಂಟರ ಮಾತುಕತೆ ಅದಕ್ಕೂ ತಿಂಗಳುಗಳ ಮೊದಲೇ ನಡೆದಿರುತ್ತದೆ. ಅಂದರೆ ತಂಡದ ಮ್ಯಾನೇಜರ್ ಪ್ರಾಯೋಜಕರ ಸಹಿಗಾಗಿ ಕಾಯುವ ವಾರಗಳಲ್ಲೇ ಅವರ ಒಳ್ಳೆಯ ಸವಾರರಿಗೆ ಬೇರೆ ತಂಡಗಳಿಂದ ಕರೆ ಬರುತ್ತಿರುತ್ತದೆ. ಸಹಿ ಇಲ್ಲದೆ ಸವಾರನನ್ನು ಹಿಡಿದಿಡಲಾಗದು, ಸವಾರನಿಲ್ಲದೆ ಸಹಿ ಬಾರದು. ಮೆಕ್ಯಾನಿಕ್‌ಗಳು, ಮಸಾಜ್ ಮಾಡುವವರು, ಬಸ್ ಚಾಲಕರು, ಅಡುಗೆಯವರಿಗೆ ಸುದ್ದಿ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಅವರಿಗೆ ಏಜೆಂಟರೂ ಇಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಸಂಕಟ ತರುವ ಭಾಗ ಇದು.

ಯುಸಿಐ ಪ್ರತಿ ತಂಡದಿಂದ ಬ್ಯಾಂಕ್ ಗ್ಯಾರಂಟಿ ಪಡೆಯುತ್ತದೆ, ಹೊರಗಿನ ಲೆಕ್ಕಪರಿಶೋಧಕರಿಂದ ಆಯವ್ಯಯ ಪರಿಶೀಲಿಸುತ್ತದೆ. ತಂಡ ಸಂಬಳ ಕೊಡದೆ ಕೈಯೆತ್ತಿದರೆ ಕೆಲವು ತಿಂಗಳ ಬಾಕಿಗೆ ಆ ಗ್ಯಾರಂಟಿ ಆಸರೆ. ಮುಂದಿನ ವರ್ಷದ ಕೆಲಸಕ್ಕೆ ಅದು ಆಸರೆಯಲ್ಲ. 2022ರ ಡಿಸೆಂಬರ್‌ನಲ್ಲಿ ಬಿ ಅಂಡ್ ಬಿ ಹೋಟೆಲ್ಸ್–ಕೆಟಿಎಂ ತಂಡ ಕುಸಿದಾಗ ಸವಾರರು ಬೀದಿಗೆ ಬಿದ್ದದ್ದು ಉಳಿದ ತಂಡಗಳು ಬಹುಪಾಲು ಭರ್ತಿಯಾದ ಮೇಲೆ.

ಮೊದಲ ಗೆಳೆಯರ ಮಾತಿಗೆ ಬರೋಣ. ಟೂರ್, ವುಯೆಲ್ಟಾ, ಪ್ಯಾರಿಸ್–ರೂಬೆ, ಲಿಯೇಜ್–ಬಾಸ್ಟೋನ್–ಲಿಯೇಜ್, ಪ್ಯಾರಿಸ್–ನೀಸ್ ಇವೆಲ್ಲ ಎಎಸ್‌ಒ ಎಂಬ ಕಂಪನಿಯ ಕೈಯಲ್ಲಿವೆ. ಅದು ಅಮೋರಿ ಕುಟುಂಬದ ಸಮೂಹಕ್ಕೆ ಸೇರಿದ್ದು, ಲೆಕಿಪ್ ಪತ್ರಿಕೆಯೂ ಅವರದೇ. ಜಿರೊ, ಮಿಲಾನ್–ಸಾನ್‌ರೆಮೊ, ಲೊಂಬಾರ್ಡಿಯಾ ಇಟಲಿಯ ಆರ್‌ಸಿಎಸ್ ಕೈಯಲ್ಲಿವೆ. ತಂಡಗಳಿಗೆ ಪ್ರಸಾರ ಹಣದಲ್ಲಿ ಪಾಲಿಲ್ಲ ಎಂಬುದು ನಿಜ. ಟೂರ್‌ನಲ್ಲಿ ತಂಡಕ್ಕೆ ಸಿಗುವ ಭಾಗವಹಿಸುವಿಕೆಯ ಭತ್ಯೆ ಸುಮಾರು 51 ಸಾವಿರ ಯೂರೋ. ಗೆದ್ದವರಿಗೆ 5 ಲಕ್ಷ ಯೂರೋ ಬಹುಮಾನ, ಎಲ್ಲ ಬಹುಮಾನ ಸೇರಿ ಸುಮಾರು 23 ಲಕ್ಷ. ರೂಢಿಯಂತೆ ಆ ಹಣ ತಂಡದ ಸವಾರರು, ಸಿಬ್ಬಂದಿಯ ನಡುವೆ ಹಂಚಿಹೋಗುತ್ತದೆ. ಮೂರು ವಾರ ಎಂಟು ಸವಾರರನ್ನೂ ಅವರ ಹಿಂದಿನ ಇಡೀ ಪರಿವಾರವನ್ನೂ ಫ್ರಾನ್ಸ್ ಸುತ್ತಿಸಲು ಇದು ಏತಕ್ಕೂ ಸಾಲದು.

ಆದರೆ ಹಂಚಿದರೆ ಸಮಸ್ಯೆ ಮುಗಿಯುತ್ತದೆ ಎಂಬುದು ಮಾತ್ರ ಭ್ರಮೆ. ಲೆಕ್ಕ ಹಾಕಿ ನೋಡಿ. ಎಎಸ್‌ಒ ನಾಳೆ ಬೆಳಿಗ್ಗೆ 2 ಕೋಟಿ ಯೂರೋ ತಂಡಗಳಿಗೆಂದು ತೆಗೆದಿಟ್ಟಿತು ಎನ್ನೋಣ. 2025ರ ಟೂರ್‌ನಲ್ಲಿದ್ದದ್ದು 23 ತಂಡ. ತಲಾ ಸುಮಾರು 8 ಲಕ್ಷ 70 ಸಾವಿರ ಯೂರೋ. ಮುಂಚೂಣಿ ತಂಡಗಳ ವಾರ್ಷಿಕ ಬಜೆಟ್ 5 ಕೋಟಿ ಯೂರೋ ದಾಟಿದೆ ಎಂದು ಪತ್ರಿಕೆಗಳು ಬರೆಯುತ್ತಿವೆ. ಒಬ್ಬ ಒಳ್ಳೆಯ ಬೆಟ್ಟದ ಸವಾರನ ಸಂಬಳಕ್ಕೇ ಈ ಪಾಲು ಮುಗಿದುಹೋಗುತ್ತದೆ. ಜೊತೆಗೆ, ಟೂರ್ ಬಿಟ್ಟರೆ ಪ್ರಸಾರದಿಂದ ನಿಜವಾಗಿ ಲಾಭ ಮಾಡುವ ಸ್ಪರ್ಧೆಗಳು ಬೆರಳೆಣಿಕೆಯಷ್ಟು. ಹೆಲಿಕಾಪ್ಟರ್, ಮೋಟರ್‌ಸೈಕಲ್ ಕ್ಯಾಮೆರಾ, ಸಿಗ್ನಲ್ ಹಿಡಿದು ರವಾನಿಸುವ ವಿಮಾನ ಇಷ್ಟಿಲ್ಲದೆ ರಸ್ತೆ ಸ್ಪರ್ಧೆ ಟಿವಿಗೆ ಬಾರದು. ಎಷ್ಟೋ ಸಣ್ಣ ಆಯೋಜಕರು ಹಣ ಪಡೆಯುವ ಬದಲು ತಾವೇ ಕೈಯಿಂದ ಹಾಕಿ ಪ್ರಸಾರ ಮಾಡಿಸುತ್ತಾರೆ.

ಹಾಗೆಂದು ಪಾಲು ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನ್ಯಾಯದ ದೃಷ್ಟಿಯಿಂದ ಕೇಳಲೇಬೇಕು. ಅದು ತಂಡವನ್ನು ಉಳಿಸುವ ಮದ್ದಲ್ಲ ಎಂಬುದಷ್ಟೇ ನನ್ನ ಮಾತು.

ಪ್ರಸಾರದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಬೇರೆ ವಿಷಯ. ಪ್ರಾಯೋಜಕ ಕೊಳ್ಳುವುದು ಕಣ್ಣುಗಳನ್ನು. ಬ್ರಿಟನ್‌ನಲ್ಲಿ ಯೂರೋಸ್ಪೋರ್ಟ್ 2025ರ ಫೆಬ್ರುವರಿಯಲ್ಲಿ ಮುಚ್ಚಿ, ತಿಂಗಳಿಗೆ 6.99 ಪೌಂಡ್‌ಗೆ ಸಿಗುತ್ತಿದ್ದ ಸೈಕ್ಲಿಂಗ್ ಟಿಎನ್‌ಟಿ ಸ್ಪೋರ್ಟ್ಸ್‌ನಲ್ಲಿ 30.99 ಪೌಂಡ್ ಆಯಿತು. ಪ್ರಸಾರದವರಿಗೆ ಇದು ಲಾಭವೋ ನಷ್ಟವೋ, ಜೆರ್ಸಿಯ ಮೇಲೆ ಹೆಸರು ಬರೆಸಿದ ಕಂಪನಿಗೆ ನೋಡುಗರು ಕಡಿಮೆಯಾದರೆ ನಷ್ಟವೇ. ಹಕ್ಕು ಮಾರುವವರು ಒಬ್ಬರು, ಅದರ ಪೆಟ್ಟು ತಿನ್ನುವವರು ಇನ್ನೊಬ್ಬರು.

ಎರಡನೆಯ ಗೆಳೆಯರು ಹೇಳಿದ ಉದ್ದೀಪನ ಮದ್ದು. 2007ರಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂ ಹಗರಣಗಳಿಂದ ಬೇಸತ್ತು ಹೊರನಡೆಯಿತು. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪ್ರಕರಣದ ವರದಿ ಹೊರಹಾಕಿದ ಕೆಲವೇ ದಿನಗಳಲ್ಲಿ ಡಚ್ ಬ್ಯಾಂಕ್ ರಾಬೊಬ್ಯಾಂಕ್ ಹಿಂದೆ ಸರಿಯಿತು. ಅಷ್ಟರಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಮುಂದಿನ ಕಥೆ ಕೇಳಿ. ಟೆಲಿಕಾಂ ಬಿಟ್ಟುಹೋದ ತಂಡವೇ ಹೊಸ ಹೆಸರಿನಲ್ಲಿ, ಮದ್ದಿನ ವಿರುದ್ಧ ಬಿಗಿ ನಿಲುವಿನೊಂದಿಗೆ, ಕೊನೆಗೆ ಎಚ್‌ಟಿಸಿ–ಹೈರೋಡ್ ಆಗಿ ಆ ಕಾಲದ ಅತಿ ಹೆಚ್ಚು ಗೆಲ್ಲುವ ತಂಡವಾಯಿತು. 2009 ಒಂದೇ ವರ್ಷದಲ್ಲಿ 85 ಗೆಲುವು. 2011ರ ಟೂರ್‌ನಲ್ಲಿ ಮಾರ್ಕ್ ಕ್ಯಾವೆಂಡಿಶ್ ಹಸಿರು ಜೆರ್ಸಿ ತಂದುಕೊಟ್ಟರು. ಕೆಲವೇ ದಿನಗಳ ನಂತರ, ಆಗಸ್ಟ್ ಮೊದಲ ವಾರದಲ್ಲಿ, ಪ್ರಾಯೋಜಕರು ಸಿಗಲಿಲ್ಲವೆಂದು ತಂಡ ಮುಚ್ಚುವ ಘೋಷಣೆ ಬಂತು. ಇನ್ನೊಂದು ಕಡೆ, 1998ರ ಟೂರ್‌ನ ಮದ್ದಿನ ಹಗರಣಕ್ಕೆ ಹೆಸರೇ ಕೊಟ್ಟ ಫೆಸ್ಟಿನಾ ಗಡಿಯಾರ ಕಂಪನಿ 2001ರವರೆಗೂ ತಂಡ ನಡೆಸಿತು. ಮದ್ದು ಪ್ರಾಯೋಜಕರನ್ನು ಓಡಿಸುತ್ತದೆ. ಆದರೆ ಮದ್ದಿಲ್ಲದಿದ್ದರೂ ಅವರು ನಿಲ್ಲುವುದಿಲ್ಲ.

ಆ ಹಗರಣಗಳ ನಿಜವಾದ ಗಾಯ ಆಡಳಿತಕ್ಕೆ ತಗುಲಿತು. 2015ರ ಮಾರ್ಚ್‌ನಲ್ಲಿ ಸ್ವತಂತ್ರ ಸುಧಾರಣಾ ಆಯೋಗ ಕೊಟ್ಟ ವರದಿ ಹಿಂದಿನ ಯುಸಿಐ ನಾಯಕತ್ವ ಆರ್ಮ್‌ಸ್ಟ್ರಾಂಗ್ ಅವರನ್ನು ವಿಶೇಷವಾಗಿ ನಡೆಸಿಕೊಂಡಿತ್ತು ಎಂದಿತು, ಲಂಚಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದೂ ಹೇಳಿತು. ಅಂದಿನಿಂದ ಯುಸಿಐ ಏನು ಮಾಡಿದರೂ ತಂಡಗಳು ಅನುಮಾನದಿಂದ ನೋಡುತ್ತವೆ.

ಇದೇ ರಾಜಕೀಯ. ಇಲ್ಲಿ ಮೂರು ಅಧಿಕಾರಗಳಿವೆ: ನಿಯಮ ಯುಸಿಐ ಕೈಯಲ್ಲಿ, ಸ್ಪರ್ಧೆ ಆಯೋಜಕರ ಕೈಯಲ್ಲಿ, ಸವಾರರು ತಂಡಗಳ ಕೈಯಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೂವರೂ ಮೂರು ಕಡೆ. 2005ರಲ್ಲಿ ಯುಸಿಐ ಪ್ರೊ ಟೂರ್ ಎಂಬ ವ್ಯವಸ್ಥೆ ತಂದು, ಪರವಾನಗಿ ಪಡೆದ ತಂಡಗಳಿಗೆ ಎಲ್ಲ ದೊಡ್ಡ ಸ್ಪರ್ಧೆಗಳಲ್ಲೂ ಪ್ರವೇಶ ಎಂದಿತು. ತಂಡಕ್ಕೆ ಸ್ವಂತದ್ದೊಂದನ್ನು ಕೊಡುವ ಮೊದಲ ಗಂಭೀರ ಪ್ರಯತ್ನ ಅದು. ನಮ್ಮ ಮನೆಗೆ ಯಾರನ್ನು ಕರೆಯಬೇಕೆಂದು ನಾವೇ ತೀರ್ಮಾನಿಸುತ್ತೇವೆ ಎಂದು ಮಹಾ ಟೂರ್‌ಗಳ ಆಯೋಜಕರು ತಿರುಗಿಬಿದ್ದರು. 2008ರಲ್ಲಿ ಪ್ಯಾರಿಸ್–ನೀಸ್ ಯುಸಿಐ ಅಡಿಯಲ್ಲಿ ನಡೆಯದೆ ಫ್ರಾನ್ಸ್ ರಾಷ್ಟ್ರೀಯ ಒಕ್ಕೂಟದ ಅಡಿಯಲ್ಲಿ ನಡೆಯಿತು, ಭಾಗವಹಿಸಿದವರಿಗೆ ಶಿಕ್ಷೆಯ ಬೆದರಿಕೆ ಬಂತು. ಅದೇ ವರ್ಷ ಅಸ್ತಾನಾ ತಂಡಕ್ಕೆ ಟೂರ್ ಆಹ್ವಾನ ಸಿಗಲಿಲ್ಲ. ಹಿಂದಿನ ವರ್ಷದ ವಿಜೇತ ಆಲ್ಬರ್ಟೊ ಕೊಂಟಡೋರ್ ಆ ತಂಡ ಸೇರಿದ್ದರು. ಹಾಲಿ ಚಾಂಪಿಯನ್ ಮನೆಯಲ್ಲೇ ಉಳಿದರು. 2015ರ ಡಿಸೆಂಬರ್‌ನಲ್ಲಿ ಎಎಸ್‌ಒ ಮತ್ತೊಮ್ಮೆ ತನ್ನ ಸ್ಪರ್ಧೆಗಳನ್ನೆಲ್ಲ ಪ್ರೊ ಟೂರ್‌ನ ಜಾಗಕ್ಕೆ ಬಂದಿದ್ದ ಯುಸಿಐ ವಿಶ್ವ ಟೂರ್‌ನಿಂದ ಹೊರತೆಗೆಯುವುದಾಗಿ ಹೇಳಿತು, ಮುಂದಿನ ವರ್ಷ ರಾಜಿಯಾಯಿತು. ಟೂರ್ ಯಾರ ಕೈಯಲ್ಲಿದೆಯೋ ಅವರ ಮಾತೇ ಕೊನೆಗೆ ನಡೆಯುತ್ತದೆ ಎಂಬುದು ಎರಡು ಸಲವೂ ಸಾಬೀತಾಯಿತು.

ಈ ಅಪನಂಬಿಕೆ ಈಗ ಸಣ್ಣ ವಿಷಯಗಳಲ್ಲೂ ಉರಿಯುತ್ತದೆ. 2024ರ ಜ್ಯೂರಿಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೂನಿಯರ್ ಸವಾರಳೊಬ್ಬಳು ಬಿದ್ದು ತೀರಿಕೊಂಡ ಮೇಲೆ ಸವಾರರಿಗೆ ಜಿಪಿಎಸ್ ಸಾಧನ ಬೇಕೆಂಬುದನ್ನು ಯಾರೂ ವಿರೋಧಿಸಲಿಲ್ಲ. ಆದರೂ 2025ರ ಆಗಸ್ಟ್‌ನಲ್ಲಿ ಮಹಿಳೆಯರ ಟೂರ್ ದ ರೊಮಾಂಡಿಯಲ್ಲಿ ಪ್ರಯೋಗಕ್ಕೆ ಒಬ್ಬ ಸವಾರಳ ಹೆಸರು ಕೊಡಲಿಲ್ಲವೆಂದು ಐದು ತಂಡಗಳನ್ನು ಸ್ಪರ್ಧೆಯಿಂದಲೇ ಹೊರಹಾಕಲಾಯಿತು. ಅದೇ ಅಕ್ಟೋಬರ್‌ನಲ್ಲಿ ಗೇರ್ ಗಾತ್ರಕ್ಕೆ ಯುಸಿಐ ಹಾಕಹೊರಟ ಮಿತಿಯನ್ನು ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರ ತಡೆಹಿಡಿಯಿತು. ಮಿತಿ: ಮುಂದಿನ ಹಲ್ಲುಚಕ್ರಕ್ಕೆ 54 ಹಲ್ಲು, ಹಿಂದಿನದಕ್ಕೆ 11. ಎಸ್‌ಆರ್‌ಎಎಂ ಕಂಪನಿಯ ಗೇರುಗಳಲ್ಲಿ ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ 10 ಹಲ್ಲು. ಒಂದು ಹಲ್ಲಿನ ವ್ಯತ್ಯಾಸದಿಂದ ಒಂದು ಕಂಪನಿಯ ಸರಕು ನಿಷೇಧವಾಗುವಂತಿತ್ತು, ಅವರು ದೂರು ಕೊಟ್ಟರು. ಸುರಕ್ಷತೆಯ ಹೆಸರಿನ ನಿಯಮವನ್ನು ಬರೆಯುವ ಮೊದಲು ಸಂಬಂಧಪಟ್ಟವರನ್ನೆಲ್ಲ ಒಂದೇ ಮೇಜಿಗೆ ಕರೆಯುವ ಅಭ್ಯಾಸ ಇದ್ದಿದ್ದರೆ ಈ ಎರಡೂ ಜಗಳ ಬೇಕಿರಲಿಲ್ಲ.

ಅಂಕಗಳ ವಿಷಯ ಚುಟುಕಾಗಿ. ಮೂರು ವರ್ಷಗಳ ಅಂಕ ಕೂಡಿಸಿ ಮೇಲಿನ 18 ತಂಡಗಳನ್ನು ಉನ್ನತ ದರ್ಜೆಯಲ್ಲಿ ಉಳಿಸಿಕೊಳ್ಳುವ ಪದ್ಧತಿಯಿಂದ 2022ರ ಕೊನೆಗೆ ಲೊಟ್ಟೊ ಮತ್ತು ಇಸ್ರೇಲ್–ಪ್ರೀಮಿಯರ್ ಟೆಕ್ ಕೆಳಗಿಳಿದವು. ಆಗ ಟೂರ್‌ನ ಒಂದು ಹಂತ ಗೆದ್ದರೆ 120 ಅಂಕ, ಯಾರೂ ಕೇಳಿರದ ಕೆಳದರ್ಜೆಯ ಏಕದಿನ ಸ್ಪರ್ಧೆ ಗೆದ್ದರೆ 125. ತಂಡಗಳು ತಮ್ಮ ಒಳ್ಳೆಯ ಸವಾರರನ್ನು ಎಲ್ಲಿಗೆ ಕಳಿಸಿದವು ಎಂದು ಹೇಳಬೇಕಿಲ್ಲ. 2023ರಿಂದ ಹಂತದ ಗೆಲುವಿಗೆ 210 ಮಾಡಿ ಸರಿಪಡಿಸಿದರು. ಆದರೆ ಹಿಂಬಡ್ತಿಯ ಭಯ ಪ್ರಾಯೋಜಕರ ಮೇಜಿನ ಮೇಲೆ ಹಾಗೇ ಇದೆ: ಟೂರ್‌ಗೆ ಪ್ರವೇಶದ ಖಾತ್ರಿಯಿಲ್ಲದ ತಂಡಕ್ಕೆ ಯಾವ ಕಂಪನಿ ಐದು ವರ್ಷದ ಸಹಿ ಹಾಕುತ್ತದೆ?

ಇನ್ನು ಸರ್ಕಾರಗಳ ಹಣ. ಕಂಪನಿಗಳು ಹಿಂಜರಿಯುವ ಜಾಗಕ್ಕೆ ದೇಶಗಳು ಬರುತ್ತವೆ: ಕಜಕಸ್ತಾನದ ಹಣದಲ್ಲಿ ಅಸ್ತಾನಾ, ಬಹ್ರೇನ್, ಯುಎಇ. ತದೇಯ್ ಪೊಗಾಚರ್ ಅವರ ಯುಎಇ ತಂಡ 2025ರಲ್ಲಿ 95 ಸ್ಪರ್ಧೆ ಗೆದ್ದು ಎಚ್‌ಟಿಸಿಯವರ ಆ ಹಳೆಯ 85ರ ದಾಖಲೆ ಮುರಿಯಿತು. ಈ ಹಣಕ್ಕೆ ಒಂದು ಗುಣವಿದೆ, ಮಾರಾಟದ ಅಂಕಿ ಇಳಿಯಿತೆಂದು ಅದು ಓಡಿಹೋಗುವುದಿಲ್ಲ. ಒಂದು ದೋಷವೂ ಇದೆ. ದೇಶದ ಹೆಸರು ಜೆರ್ಸಿಯ ಮೇಲೆ ಬಂದರೆ ದೇಶದ ರಾಜಕೀಯವೂ ರಸ್ತೆಗೆ ಬರುತ್ತದೆ. ರಸ್ತೆಗೆ ಗೇಟಿಲ್ಲ. 2025ರ ವುಯೆಲ್ಟಾದಲ್ಲಿ ಗಾಜಾ ಯುದ್ಧದ ವಿರುದ್ಧ, ಇಸ್ರೇಲ್–ಪ್ರೀಮಿಯರ್ ಟೆಕ್ ತಂಡದ ಉಪಸ್ಥಿತಿಯ ವಿರುದ್ಧ ಜನ ಬೀದಿಗಿಳಿದರು. ಬಿಲ್ಬಾವೊದ ಹಂತಕ್ಕೆ ವಿಜೇತರೇ ಇಲ್ಲ. ಸೆಪ್ಟೆಂಬರ್ 14ರಂದು ಮ್ಯಾಡ್ರಿಡ್‌ನ ಕೊನೆಯ ಹಂತ ಅರ್ಧದಲ್ಲೇ ನಿಂತಿತು. ಮೂರು ವಾರ ದುಡಿದು ಗೆದ್ದ ವಿಂಗೆಗೊ ಆ ರಾತ್ರಿ ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಐಸ್ ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ವೇದಿಕೆಯ ಮೇಲೆ ನಿಂತರು. ಪ್ರತಿಭಟನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತಂಡದ ಒಪ್ಪಂದ ಬರೆಯುವವರು ತಿಳಿಯಬೇಕಾದದ್ದು, ಈ ಅಪಾಯವನ್ನು ಒಂದೇ ತಂಡ ಹೊರುವುದಿಲ್ಲ, ಇಡೀ ಸ್ಪರ್ಧೆ ಹೊರುತ್ತದೆ. ಆ ತಂಡದ ಸಹಪ್ರಾಯೋಜಕ ಪ್ರೀಮಿಯರ್ ಟೆಕ್ ಹೊರನಡೆಯಿತು. 2026ಕ್ಕೆ ತಂಡ ಎನ್‌ಎಸ್‌ಎನ್ ಎಂಬ ಹೆಸರು, ಸ್ವಿಸ್ ನೋಂದಣಿ ಪಡೆಯಿತು. ನಿಮ್ಮ ಗಿರ್ಮೈ ಸೇರಿದ್ದು ಇದೇ ತಂಡವನ್ನು.

ನೀವು ಓದಿದ ಹೊಸ ಲೀಗ್ ಎಂದರೆ ಒನ್ ಸೈಕ್ಲಿಂಗ್ ಯೋಜನೆ. ವಿಸ್ಮಾ ತಂಡದ ಮುಖ್ಯಸ್ಥ ರಿಚರ್ಡ್ ಪ್ಲುಗೆ ಇದರ ಮುಂಚೂಣಿಯಲ್ಲಿದ್ದರು, ಸೌದಿಯ ಸುರ್ಜ್ ಸ್ಪೋರ್ಟ್ಸ್ ಹಣ ಹಾಕಲಿತ್ತು. ತಂಡಗಳೂ ಕೆಲವು ಆಯೋಜಕರೂ ಸೇರಿ ಜಂಟಿ ವ್ಯವಹಾರ ಕಟ್ಟುವ ಆಲೋಚನೆ. ಎಎಸ್‌ಒ ದೂರ ಉಳಿಯಿತು. 2025ರ ಜೂನ್‌ನಲ್ಲಿ ಯುಸಿಐ ಆಡಳಿತ ಸಮಿತಿ ಇದು ನಿಯಮಗಳ ಚೌಕಟ್ಟಿಗೆ ಹೊಂದುವುದಿಲ್ಲ, ಕ್ರೀಡಾ ದೃಷ್ಟಿಯಿಂದ ಸುಸಂಬದ್ಧವಲ್ಲ ಎಂದು ತಿರಸ್ಕರಿಸಿತು. ನನ್ನ ಅಭಿಪ್ರಾಯ ಎರಡು ಮುಖದ್ದು. ತಂಡಗಳು ಸ್ಪರ್ಧೆಯ ಮಾಲೀಕತ್ವದಲ್ಲಿ ಪಾಲು ಪಡೆಯಬೇಕೆಂಬ ಮೂಲ ವಿಚಾರ ಸರಿ, ರೋಗದ ಬೇರಿಗೆ ಕೈಹಾಕಿದ್ದು ಅದೊಂದೇ. ಆದರೆ ಟೂರ್ ಇಲ್ಲದ ಲೀಗಿಗೆ ಬೆಲೆಯಿಲ್ಲ. ಒಬ್ಬನೇ ಹೂಡಿಕೆದಾರನ ಮೇಲೆ ನಿಂತ ಲೀಗ್ ಆತ ಹೊರಟ ದಿನ ಒಂದು ತಂಡವನ್ನಲ್ಲ, ಎಲ್ಲ ತಂಡಗಳನ್ನೂ ಒಟ್ಟಿಗೆ ಕೆಡವುತ್ತದೆ.

ಉಳಿದ ದಾರಿಗಳಲ್ಲಿ ಟಿಕೆಟ್ ಬಗ್ಗೆ ಈಗ ಫ್ರಾನ್ಸಿನಲ್ಲೂ ಮಾತು ಕೇಳಿಬರುತ್ತಿದೆ. ಇದರ ಅನುಭವ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯಕ್ಕೆ ಆಗಲೇ ಇದೆ. 2012ರಲ್ಲಿ ಟೂರ್ ಆಫ್ ಫ್ಲಾಂಡರ್ಸ್ ಆಯೋಜಕರು ಜನರ ಪ್ರೀತಿಯ ಹೆರಾರ್ಡ್ಸ್‌ಬರ್ಗನ್ ಏರನ್ನು ಕೈಬಿಟ್ಟು, ಔಡೆ ಕ್ವಾರೆಮಾಂಟ್ ಮತ್ತು ಪಾಟರ್‌ಬರ್ಗ್ ಏರುಗಳನ್ನು ಸುತ್ತಿ ಸುತ್ತಿ ಹತ್ತುವ ಮಾರ್ಗ ಮಾಡಿದರು. ಒಂದೇ ಜಾಗದಲ್ಲಿ ಸವಾರರು ಮತ್ತೆ ಮತ್ತೆ ಬಂದರೆ ಅಲ್ಲಿ ಹಣ ಕೊಟ್ಟು ಕೂರುವ ಡೇರೆ ಹಾಕಬಹುದು. ಊರಿನವರು ಕಣ್ಣೀರಿಟ್ಟರು, ಪತ್ರಿಕೆಗಳು ಬೈದವು. ಆದರೆ ಡೇರೆಗಳು ತುಂಬಿದವು, ರಸ್ತೆ ಬದಿಯ ಉಳಿದ ಜಾಗ ಉಚಿತವಾಗಿಯೇ ಉಳಿಯಿತು, ಸ್ಪರ್ಧೆಯೂ ಚೆನ್ನಾಗಿಯೇ ನಡೆಯುತ್ತಿದೆ. ಟೂರ್‌ನ ಪ್ರಸಿದ್ಧ ಬೆಟ್ಟ ಆಲ್ಪ್ ದ್ಯುಯೆಜ್ ಏರಿನಲ್ಲಿ ಇಷ್ಟನ್ನು ಮಾಡಬಹುದು, ಇಡೀ ಬೆಟ್ಟಕ್ಕೆ ಬೇಲಿ ಹಾಕುವುದು ಬೇಡ. ಆದರೆ ಗಮನಿಸಿ, ಆ ಡೇರೆಯ ಹಣವೂ ಆಯೋಜಕರಿಗೇ ಹೋಗುತ್ತದೆ. ತಂಡಕ್ಕೆ ಪಾಲು ಬರೆದುಕೊಡದೆ ಟಿಕೆಟ್ ಮಾರಿದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಬಜೆಟ್ ಮಿತಿಯ ಬಗ್ಗೆ ಯುಸಿಐ ಒಳಗೆ ಚರ್ಚೆ ನಡೆದಿದೆ. ಬೇರೆ ಬೇರೆ ದೇಶಗಳ ತೆರಿಗೆ, ವಿಮೆ, ಕಾರ್ಮಿಕ ಕಾನೂನು ಬೇರೆ ಇರುವಾಗ ಒಂದೇ ಅಂಕಿ ಎಲ್ಲರಿಗೂ ಅಳತೆಯಾಗದು. ಲೆಕ್ಕ ಮರೆಮಾಚುವುದೂ ಸುಲಭ. ಫ್ರಾನ್ಸಿನ ತಂಡಗಳಿಗೆ ಸಾಮಾಜಿಕ ಭದ್ರತೆಯ ಖರ್ಚೇ ದೊಡ್ಡದು. ಮಿತಿ ದೊಡ್ಡವರ ಓಟ ತಡೆಯಬಹುದು, ಸಣ್ಣವರ ಪ್ರಾಯೋಜಕರನ್ನು ಹುಡುಕಿಕೊಡದು.

ನನಗೆ ನಿಜವಾದ ಭರವಸೆ ಕಾಣುವುದು ಪ್ರಾಯೋಜಕರು ಮಾಲೀಕರಾಗುವುದರಲ್ಲಿ. 2024ರಲ್ಲಿ ರೆಡ್ ಬುಲ್ ಬೋರಾ ತಂಡದ 51 ಶೇಕಡಾ ಪಾಲು ಕೊಂಡಿತು. ಜೆರ್ಸಿಯ ಮೇಲಿನ ಹೆಸರನ್ನು ಒಂದು ಪತ್ರ ಬರೆದು ಬಿಡಬಹುದು, ಪಾಲು ಬಿಡಬೇಕಾದರೆ ಕೊಳ್ಳುವವರನ್ನು ಹುಡುಕಬೇಕು. ಅಷ್ಟರಲ್ಲಿ ತಂಡಕ್ಕೆ ಉಸಿರಾಡಲು ಸಮಯ ಸಿಗುತ್ತದೆ. ಅಪಾಯವೆಂದರೆ ಈ ಆಟಕ್ಕೆ ಕೂರುವವರು ದೊಡ್ಡ ಕಂಪನಿಗಳು ಮಾತ್ರ, ಬೆಲ್ಜಿಯಂನ ಸಣ್ಣ ಪಟ್ಟಣದಿಂದ ಬೆಳೆದು ಬಂದ ವಾಂಟಿಯಂಥ ತಂಡಗಳಿಗೆ ಜಾಗ ಇನ್ನೂ ಕಿರಿದಾಗುತ್ತದೆ. ಆದ್ದರಿಂದ ಇದರ ಜೊತೆಗೆ ಪರವಾನಗಿಯ ಅವಧಿ ಉದ್ದವಾಗಬೇಕು, ಅದನ್ನು ಪಾರದರ್ಶಕವಾಗಿ ಮಾರುವ, ಕೊಳ್ಳುವ ನಿಯಮ ಬೇಕು. ಆಗ ತಂಡದ ಕೈಯಲ್ಲಿ ಬ್ಯಾಂಕಿಗೆ ತೋರಿಸಬಹುದಾದ ಒಂದು ಆಸ್ತಿ ಇರುತ್ತದೆ.

ಮಹಿಳೆಯರ ಪೆಲೊಟಾನ್, ಅಂದರೆ ಮಹಿಳಾ ಸವಾರರ ಸಮೂಹದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಉನ್ನತ ದರ್ಜೆಯ ಕನಿಷ್ಠ ಸಂಬಳ 2020ರಲ್ಲಿ 15,000 ಯೂರೋ ಇದ್ದದ್ದು 2023ಕ್ಕೆ 32,102 ಆಯಿತು. 2022ರಲ್ಲಿ ಮಹಿಳೆಯರ ಟೂರ್ ದ ಫ್ರಾನ್ಸ್ ಮರಳಿ ಬಂತು. ಇದು ಸಂತೋಷದ ಬೆಳವಣಿಗೆ. ಆದರೆ ಸಂಬಳ ಏರಿದಷ್ಟು ವೇಗದಲ್ಲಿ ಆದಾಯದ ಮೂಲಗಳು ಏರಿಲ್ಲ. ಪುರುಷರ ತಂಡದ ದುರ್ಬಲ ಮಾದರಿಯನ್ನೇ ಇಲ್ಲೂ ನಕಲು ಮಾಡಿದ್ದೇವೆ. ಹೊಸದಾಗಿ ಕಟ್ಟುವಾಗಲೇ ಪಾಲುದಾರಿಕೆಯ ನಿಯಮ ಬರೆಯಬಹುದಾಗಿತ್ತು, ಈಗಲೂ ಕಾಲ ಮೀರಿಲ್ಲ.

ಕೊನೆಯದಾಗಿ, ತಂಡ ಉಳಿಯುತ್ತದೋ ಎಂದು ತಿಳಿಯುವ ದಾರಿ. ಗೆಲುವಿನ ಪಟ್ಟಿ ನೋಡಬೇಡಿ. ಮುಖ್ಯ ಪ್ರಾಯೋಜಕರ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂದು ನೋಡಿ, ಸಹಿ ಹಾಕುವಾಗಿನ ಪ್ರಕಟಣೆಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಆ ಕೊನೆಯ ವರ್ಷದ ಮೇ ತಿಂಗಳೊಳಗೆ ನವೀಕರಣದ ಸುದ್ದಿ ಬಾರದಿದ್ದರೆ ಮೊದಲ ಎಚ್ಚರಿಕೆ. ಆಗಸ್ಟ್‌ನಲ್ಲಿ ತಂಡದ ನಾಯಕ ಬೇರೆ ಕಡೆ ಸಹಿ ಹಾಕಿ, ಬದಲಿಗೆ ಯಾರನ್ನೂ ಘೋಷಿಸದಿದ್ದರೆ ಅದು ಹೆಚ್ಚು ಗಂಭೀರ: 2025ರ ಟೂರ್‌ನಲ್ಲಿ ಏಳನೆಯವರಾದ ಕೆವಿನ್ ವೊಕ್ಲಾಂ ಇದ್ದದ್ದು ನೀವು ಹೇಳಿದ ಅರ್ಕೆಯಾ ತಂಡದಲ್ಲೇ, ಮುಂದಿನ ಋತುವಿಗೆ ಅವರು ಇನಿಯೋಸ್ ತಂಡ ಸೇರಿದರು. ಅಕ್ಟೋಬರ್‌ನಲ್ಲಿ ಯುಸಿಐ ಪ್ರಕಟಿಸುವ ಪರವಾನಗಿ ಅರ್ಜಿದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಇದಕ್ಕೆ ಹೊರತಾದ ಉದಾಹರಣೆಗಳೂ ಇವೆ. ಬೆಲ್ಜಿಯಂನ ಲಾಟರಿ 1985ರಿಂದ, ಫ್ರಾನ್ಸಿನ ಲಾಟರಿ 1997ರಿಂದ ಸೈಕ್ಲಿಂಗ್‌ನಲ್ಲಿ ನಿಂತಿವೆ. ಇಂದಿನ ವಿಸ್ಮಾ ತಂಡ ಹೆಸರು ಬದಲಿಸುತ್ತಲೇ 1984ರಿಂದ ಬಂದಿದೆ. ರಾಬೊಬ್ಯಾಂಕ್ ಬಿಟ್ಟ ಮೇಲೆ 2013ರ ಮೊದಲ ಭಾಗವನ್ನು ಬ್ಲಾಂಕೊ ಎಂಬ ಖಾಲಿ ಹೆಸರಿನಲ್ಲೇ ಓಡಿಸಿತು. ಹೆಸರು ಬಿಟ್ಟು, ನಡೆಸುವ ಕಂಪನಿಯನ್ನೂ ಅದರ ಸಿಬ್ಬಂದಿಯನ್ನೂ ಹಿಂಬಾಲಿಸಿದರೆ ನಿಮಗೆ ಇಷ್ಟವಾದದ್ದು ಎಲ್ಲಿಗೆ ಹೋಯಿತೆಂದು ಕಂಡುಹಿಡಿಯಬಹುದು. ಈಗಿನ ಪರವಾನಗಿ ಅವಧಿ 2026ರಿಂದ 2028ರವರೆಗೆ. 2027ರ ಬೇಸಿಗೆಯಲ್ಲಿ ಅಂಕಪಟ್ಟಿಯ 16ರಿಂದ 20ನೇ ಸ್ಥಾನಗಳ ತಂಡಗಳ ಮೇಲೆ ಕಣ್ಣಿಡಿ, ಮುಂದಿನ ವಿಲೀನದ ಸುದ್ದಿ ಬರುವ ಸಾಧ್ಯತೆ ಅಲ್ಲೇ ಹೆಚ್ಚು.